ಗುರುಪಾದನ ‘ಒಳಗ’

ಪವಾಯಿಯ ನಮ್ಮ ಆಫೀಸಿನ ಆರನೆಯ ಮಹಡಿಯಲ್ಲಿ ಎಪ್ಪತ್ತು ಜನ ಕೆಲಸ ಮಾಡುತ್ತೇವೆ. ಅವರಲ್ಲಿ ಕನ್ನಡ ಬಲ್ಲವರು ಇಬ್ಬರೇ ಇದ್ದೆವು, ನಾನು ಮತ್ತು ಗುರುಪಾದ. ಈಗ ನಾನೊಬ್ಬನೇ. ಅವನು ಹೋದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಕಟ್ಟಿ ಕೊನೆಗೆ ಗುಟ್ಟು ಬಿಚ್ಚುವ ಉಮೇದು ನನಗಿಲ್ಲ. ಈಚೆಗೆ ಯಾವುದರ ಉಮೇದೂ ಇಲ್ಲ.

ನನ್ನ ಹೆಸರು ರಮಾನಾಥ. ಉಡುಪಿ ಕಡೆಯವನು, ಮುಂಬಯಿಗೆ ಬಂದು ಇಪ್ಪತ್ತಮೂರು ವರ್ಷವಾಯಿತು, ವಿಲೆ ಪಾರ್ಲೆಯಲ್ಲಿ ಮನೆ. ಕಂಪನಿಯಲ್ಲಿ ಪರ್ಮನೆಂಟ್. ಪರ್ಮನೆಂಟ್ ಆದವರು ಐಡಿ ಕಾರ್ಡನ್ನು ನೀಲಿ ಪಟ್ಟಿಯಲ್ಲಿ ಕೊರಳಿಗೆ ಹಾಕಿಕೊಳ್ಳುತ್ತಾರೆ, ಕಾಂಟ್ರ್ಯಾಕ್ಟಿನವರು ಹಸಿರು ಪಟ್ಟಿಯಲ್ಲಿ. ಗುರುಪಾದ ಒಂಬತ್ತು ವರ್ಷ ಹಸಿರು ಪಟ್ಟಿ ಹಾಕಿಕೊಂಡಿದ್ದ. ಲಿಫ್ಟಿನಲ್ಲಿ ಜನ ಮೊದಲು ನೋಡುವುದು ಮುಖವನ್ನಲ್ಲ, ಪಟ್ಟಿಯನ್ನು. ನಾನೂ ಹಾಗೆಯೇ ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ.

ಅವನು ಹುಟ್ಟಿದ್ದು ಪವಾಯಿಯಲ್ಲೇ, ಕೆರೆಯ ಆಚೆ, ಕಟ್ಟುತ್ತಿದ್ದ ಬಿಲ್ಡಿಂಗಿನ ಪಕ್ಕದ ತಗಡಿನ ಶೆಡ್ಡಿನಲ್ಲಿ. ಅಪ್ಪ ಅವ್ವ ಸಿಂದಗಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರು. ಅಪ್ಪ ಬೇಗ ತೀರಿಕೊಂಡ. ಅವ್ವ ಹನುಮವ್ವ ಕಾಂಕ್ರೀಟಿನ ಬುಟ್ಟಿ ಹೊತ್ತು ಮಗನನ್ನು ಸಾಕಿದಳು. ಒಂದು ಬಿಲ್ಡಿಂಗ್ ಮುಗಿದರೆ ಶೆಡ್ಡು ಕಿತ್ತುಕೊಂಡು ಮುಂದಿನ ಬಿಲ್ಡಿಂಗಿಗೆ ಹೋಗಬೇಕು. ಹೀಗಾಗಿ ಅವನು ಮೂರು ಮುನ್ಸಿಪಾಲ್ಟಿ ಕನ್ನಡ ಶಾಲೆಗಳಲ್ಲಿ ಓದಿದ. ಹತ್ತನೆಯದು ಪಾಸಾದ ಮೇಲೆ ಆಫೀಸುಗಳಿಗೆ ಕಂಪ್ಯೂಟರ್ ಕೇಬಲ್ ಎಳೆಯುವ ಗುತ್ತಿಗೆದಾರನ ಹತ್ತಿರ ಸೇರಿಕೊಂಡ.

ನಮ್ಮ ಆಫೀಸಿಗೂ ಕೇಬಲ್ ಎಳೆಯಲೆಂದೇ ಬಂದವನು. ಒಂದು ದಿನ ನನ್ನ ಕುರ್ಚಿಯ ಕೆಳಗಿನ ಹಲಗೆ ತೆಗೆದು, ಅರ್ಧ ಮೈ ಒಳಗೆ ತೂರಿಸಿ, ‘ಇದರವ್ವನ, ಎಲ್ಲಿ ಸಿಕ್ಕೊಂಡೈತಿ ಇದು’ ಎಂದು ಬೈಯುತ್ತಿದ್ದ. ಆ ಮಹಡಿಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು.

“ಎಂತ ಮಾರಾಯ, ಕನ್ನಡದವನಾ ನೀನು?” ಎಂದೆ.

ನೆಲದೊಳಗಿಂದಲೇ ಉತ್ತರ ಬಂತು: “ಹೌದ್ರಿ ಸರ್. ಕಾಲು ಸ್ವಲ್ಪ ಆ ಕಡೆ ಇಡ್ರಿ.”

ಆಮೇಲೆ ಅವನು ನನ್ನನ್ನು ಬಿಡಲಿಲ್ಲ. ಊಟದ ಹೊತ್ತಿಗೆ ಬಂದು ಪಕ್ಕದಲ್ಲಿ ಕೂತು, ಇದೇನು, ಅದೇನು ಎಂದು ಕೇಳುವನು. ಕೋಡ್ ಬರೆಯುವುದನ್ನು ಲೋಕಲ್ ಟ್ರೇನ್‌ನಲ್ಲಿ ನಿಂತುಕೊಂಡು ಮೊಬೈಲಿನಲ್ಲೇ ಕಲಿತ. ನಾಲ್ಕು ವರ್ಷದಲ್ಲಿ, ಮೊದಲು ಕೈಯಿಂದ ಮಾಡುತ್ತಿದ್ದ ಕೆಲಸವನ್ನೇ ಕೋಡಿನಿಂದ ಮಾಡತೊಡಗಿದ. ಗುತ್ತಿಗೆದಾರ ಬದಲಾದ, ಕೆಲಸದ ಹೆಸರು ಬದಲಾಯಿತು, ಪಟ್ಟಿ ಮಾತ್ರ ಹಸಿರೇ ಉಳಿಯಿತು.

ಅವನ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಶಾಲೆಯ ಬಸ್ಸು ಎಲ್ಲಿಗೆ ಬಂತೆಂದು ತಂದೆ ತಾಯಿಗಳಿಗೆ ಮೊಬೈಲಿನಲ್ಲಿ ತೋರಿಸುವುದು ನಮ್ಮ ಕಂಪನಿಯ ಕಸುಬು. ಬಸ್ಸಿನಿಂದ ಬರುವ ಸುದ್ದಿಯನ್ನು ಹಿಡಿಯುವ ಪ್ರೋಗ್ರಾಂ ಒಂದು, ಅದನ್ನು ಬರೆದಿಡುವುದು ಇನ್ನೊಂದು, ನಕ್ಷೆಯ ಮೇಲೆ ತೋರಿಸುವುದು ಮತ್ತೊಂದು. ಪ್ರತಿಯೊಂದನ್ನೂ ಅದಕ್ಕೆ ಬೇಕಾದ ಸಾಮಾನುಗಳ ಸಮೇತ ಬೇರೆ ಬೇರೆ ಮುಚ್ಚಿಟ್ಟು ನಡೆಸುತ್ತೇವೆ. ಹಾಗೆ ಮುಚ್ಚಿಟ್ಟದ್ದಕ್ಕೆ ಕಂಟೇನರ್ ಎನ್ನುತ್ತಾರೆ. ಚಾಳಿನ ಖೋಲಿಗಳು, ಸಾಲಾಗಿ ಕಟ್ಟಿದ ಒಂಟಿ ಕೋಣೆಗಳು, ಇದ್ದಂತೆ ಎಂದುಕೊಳ್ಳಿ. ಪ್ರತಿ ಖೋಲಿಯಲ್ಲಿ ಒಂದು ಸಂಸಾರ. ಖೋಲಿಯಿಂದ ಖೋಲಿಗೆ ಹೋಗಲು ಹೊರಗೆ ಗ್ಯಾಲರಿ ಬೇಕಲ್ಲ, ಆ ಗ್ಯಾಲರಿಯೇ ನೆಟ್‌ವರ್ಕ್. ಯಾವ ಖೋಲಿಯ ಬಾಗಿಲು ಯಾವ ಗ್ಯಾಲರಿಗೆ ತೆರೆಯಬೇಕೆಂದು ಹೇಳುವ ಕೋಡು ಗುರುಪಾದನದು. ಒಂದು ಸಾಲು ಬರೆದರೆ ಕಂಟೇನರ್ ನೆಟ್‌ವರ್ಕಿಗೆ ಸೇರುತ್ತದೆ, ಇನ್ನೊಂದು ಸಾಲು ಬರೆದರೆ ಬಿಡುತ್ತದೆ.

“ಕೇಬಲ್ ಆದ್ರ ಚುಚ್ಚಿದ ಕೂಡ್ಲೇ ಟಕ್ ಅಂತಿತ್ರಿ ಸರ್,” ಎಂದು ಒಮ್ಮೆ ಹೇಳಿದ್ದ. “ಟಕ್ ಅಂದ್ರ ಕೂತೈತಿ ಅಂತ ತಿಳೀತಿತ್ತು. ಇದರಾಗ ಸಪ್ಪಳಾನ ಇಲ್ಲ.”

ಅವನು ಎರಡು ನೆಟ್‌ವರ್ಕ್ ಮಾಡಿದ್ದ. ನಮ್ಮ ಪ್ರೋಗ್ರಾಂಗಳು ತಮ್ಮ ತಮ್ಮಲ್ಲಿ ಮಾತಾಡಲು ಒಂದು, ಹೊರಗಿನ ಲೋಕದೊಡನೆ ಮಾತಾಡಲು ಇನ್ನೊಂದು. ಇಂಗ್ಲಿಷ್ ಅಕ್ಷರಗಳಲ್ಲಿ ಅವುಗಳಿಗೆ ‘ಒಳಗ’, ‘ಹೊರಗ’ ಎಂದು ಹೆಸರಿಟ್ಟ. ಮಹಡಿಯವರಿಗೆ ಅದು ಯಾವುದೋ ಗ್ರೀಕ್ ದೇವತೆಗಳ ಹೆಸರಿನ ಹಾಗೆ ಕೇಳಿಸಿತು. ಯಾರೂ ಬೇಡ ಎನ್ನಲಿಲ್ಲ. ನಾನು ಮಾತ್ರ ಸುಮ್ಮನಿರಲಿಲ್ಲ.

“ಒಳಗ ಅಲ್ಲ ಮಾರಾಯ, ಒಳಗೆ. ಹೊರಗೆ. ಬರೆಯುವಾಗಲಾದರೂ ಶುದ್ಧ ಬರಿ.”

“ಕಂಪ್ಯೂಟರಿಗೆ ಶುದ್ಧ ತಗೊಂಡು ಏನ್ ಮಾಡೂದೈತ್ರಿ ಸರ್?” ಎಂದು ನಕ್ಕ. “ನಮ್ಮವ್ವ ಒಳಗ ಬಾ ಅಂತಾಳ. ಒಳಗೆ ಬಾ ಅಂದ್ರ ನಾ ಹೋಗೂದ ಇಲ್ಲ.”

ನಮ್ಮ ಕಡೆಯವರಿಗೆ ಇದೊಂದು ಚಟ. ಮನೆಯಲ್ಲಿ ತುಳು ಮಾತಾಡಿಕೊಂಡು, ಕನ್ನಡವನ್ನು ಶಾಲೆಯಲ್ಲಿ ಪುಸ್ತಕದಿಂದ ಕಲಿತವರು ನಾವು. ಪುಸ್ತಕದಿಂದ ಕಲಿತವರಿಗೆ ಬೇರೆಯವರ ಕನ್ನಡವೆಲ್ಲ ತಪ್ಪಾಗಿ ಕೇಳಿಸುತ್ತದೆ. ಅವನಿಗೆ ಅದು ಅವ್ವನ ಬಾಯಿಂದ ಬಂದದ್ದು, ನನಗೆ ಮಾಸ್ತರರ ಬೆತ್ತದಿಂದ. ಆದರೂ ತಿದ್ದುವವನು ನಾನೇ. ಒಂಬತ್ತು ವರ್ಷ ಇದನ್ನು ಚೇಷ್ಟೆ ಎಂದುಕೊಂಡಿದ್ದೆ.

ಹನುಮವ್ವ ಕಳೆದ ಜನವರಿಯಲ್ಲಿ ಹೋದಳು. ಬೆಳಿಗ್ಗೆ ರೊಟ್ಟಿ ತಟ್ಟುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ಮಗನಿಗೆ ಕೆಲಸ ಕಾಯಂ ಆಗಲಿ ಎಂಬುದೊಂದೇ ಅವಳ ಆಸೆಯಾಗಿತ್ತು. ಗುರುಪಾದ ಅವಳನ್ನು ಊರಿಗೆ ಒಯ್ದು ಮಣ್ಣು ಮಾಡಿ, ಕಾರ್ಯ ಮುಗಿಸಿ, ಹದಿನಾಲ್ಕನೆಯ ದಿನ ಬಂದು ಕಂಪ್ಯೂಟರ್ ಮುಂದೆ ಕೂತ. ತಲೆ ಬೋಳಿಸಿಕೊಂಡಿದ್ದ. ಅದು ಬಿಟ್ಟರೆ ಏನೂ ಬದಲಾದಂತೆ ಕಾಣಲಿಲ್ಲ. ಕೆಲಸ ಮೊದಲಿನಂತೆಯೇ ಮಾಡುತ್ತಿದ್ದ, ತಪ್ಪಿಲ್ಲದೆ, ಹೊತ್ತಿಗೆ ಸರಿಯಾಗಿ. ಆದರೆ ಏನಾದರೂ ಕೇಳಿದರೆ ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತು. ಚೇಷ್ಟೆ ಮಾಡಿದರೆ ನಗುತ್ತಿರಲಿಲ್ಲ, ಸಿಟ್ಟೂ ಮಾಡುತ್ತಿರಲಿಲ್ಲ.

“ಏನೂ ಅನಸವಲ್ದು ನೋಡ್ರಿ ಸರ್,” ಎಂದ ಒಂದು ದಿನ, ಡಬ್ಬಿಯ ಮುಂದೆ ಕೂತು. “ಹಸಿವಿ ಅನಸವಲ್ದು. ದುಃಖ ಆಗೈತೇನ ಅಂತ ನೋಡಕೊಂಡ್ರ ಅದೂ ಇಲ್ಲ. ಅವ್ವ ಸತ್ತಾಳ ಅಂತ ಗೊತ್ತೈತಿ, ಅಷ್ಟ.”

“ಸಮಯ ಹೋದ ಹಾಗೆ ಸರಿ ಆಗ್ತದೆ ಬಿಡು,” ಎಂದೆ. ಎಲ್ಲರೂ ಹೇಳುವ ಮಾತು. ಹೇಳಿ ನನ್ನ ಡಬ್ಬಿ ಮುಚ್ಚಿಕೊಂಡು ಎದ್ದೆ.

ಅವನ ಹೆಂಡತಿ ಭುವನೇಶ್ವರಿ ಒಮ್ಮೆ ನನಗೆ ಫೋನು ಮಾಡಿದ್ದಳು. ಸಯನ್‌ನ ಒಂದು ಟೈಲರಿಂಗ್ ಅಂಗಡಿಯಲ್ಲಿ ಬ್ಲೌಸು ಹೊಲಿಯುವ ಹೆಂಗಸು, ಹೆಚ್ಚು ಮಾತಿನವಳಲ್ಲ. “ನೀವರ ಸ್ವಲ್ಪ ಮಾತಾಡಸ್ರಿ ಅವರನ್ನ. ಮನ್ಯಾಗ ಗ್ವಾಡಿ ಜೋಡಿ ಇದ್ದಂಗ ಆಗೈತಿ ನನಗ,” ಎಂದಳು. ಮಾತಾಡಿಸುತ್ತೇನೆ ಎಂದೆ. ಮಾತಾಡಿಸಲಿಲ್ಲ. ಅವನಿಗೆ ಒಳ್ಳೆಯದಾಗಲೆಂದು ಬೇರೆ ಕೆಲಸ ಮಾಡುತ್ತಿದ್ದೆನಲ್ಲ, ಅವನನ್ನು ಪರ್ಮನೆಂಟ್ ಮಾಡಿಸುವ ಕೆಲಸ. ಎರಡು ಪುಟದ ಶಿಫಾರಸು ನಾನೇ ಬರೆದೆ. ಸೆಪ್ಟೆಂಬರ್ ಒಂದರಿಂದ ಅವನು ನೀಲಿ ಪಟ್ಟಿ ಹಾಕಿಕೊಳ್ಳಬೇಕು ಎಂದು ತೀರ್ಮಾನವೂ ಆಯಿತು. ಮ್ಯಾನೇಜರ್ ಸಂದೀಪ ಅವನನ್ನು ಕರೆದು ಕೈ ಕುಲುಕಿ ಹೇಳಿದ. ಗುರುಪಾದ ಥ್ಯಾಂಕ್ಯೂ ಎಂದು ಬಂದು ಕೂತ. ಆಗಲೂ ಅವನಿಗೆ ಏನಾದರೂ ಅನ್ನಿಸಿತೋ ಇಲ್ಲವೋ ತಿಳಿಯಲಿಲ್ಲ. ಭುವನೇಶ್ವರಿ ಮಾತ್ರ ಓಣಿಯ ಏಳೆಂಟು ಮನೆಗಳಿಗೆ ಪೇಢೆ ಹಂಚಿದಳಂತೆ.

ಆಗಸ್ಟ್ ತಿಂಗಳಲ್ಲಿ ಹೊಸದಾಗಿ ಕೆಲವು ಶಾಲೆಗಳು ನಮ್ಮಲ್ಲಿ ಸೇರಿದವು. ಬಸ್ಸುಗಳು ಹೆಚ್ಚಾದ್ದರಿಂದ ಸುದ್ದಿ ಹಿಡಿಯುವ ಕಂಟೇನರಿಗೆ ಹೊಸ ಸೆಟ್ಟಿಂಗ್ ಫೈಲ್ ಬರೆಯಬೇಕಾಯಿತು. ಅದು ಗುರುಪಾದ ಮಾಡುವ ಕೆಲಸ. ಆದರೆ ಅವನಿಗೆ ಹೇಳಿ, ಅವನ ಉತ್ತರಕ್ಕೆ ಕಾಯುವ ತಾಳ್ಮೆ ನನಗಿರಲಿಲ್ಲ. ಸೋಮವಾರ ಸಂಜೆ ಐದು ಗಂಟೆಗೆ, ಮನೆಗೆ ಹೋಗುವ ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ, ನಾನೇ ಕೂತು ಬರೆದೆ. ಆ ಯಂತ್ರಕ್ಕೆ ಎಲ್ಲರಿಗೂ ಒಂದೇ ಲಾಗಿನ್. ಯಾರು ಬರೆದರೂ ಒಂದೇ ಹೆಸರು ದಾಖಲಾಗುತ್ತದೆ. ಯಾವ ನೆಟ್‌ವರ್ಕಿಗೆ ಸೇರಿಸಬೇಕು ಎಂಬ ಜಾಗದಲ್ಲಿ ನಾನು ‘ಒಳಗೆ’ ಎಂದು ಬರೆದೆ. ತಿದ್ದಬೇಕೆಂದು ತಿದ್ದಿದ್ದಲ್ಲ. ನನ್ನ ಬೆರಳಿಗೆ ‘ಒಳಗ’ ಎಂದು ಬರೆಯಲು ಬರುವುದೇ ಇಲ್ಲ. ಇಂಗ್ಲಿಷಿನಲ್ಲಿ ಕೊನೆಯ ಒಂದು ಅಕ್ಷರ ಬೇರೆಯಾಯಿತು, a ಬದಲು e. ಫೈಲ್ ಉಳಿಸಿ ಮನೆಗೆ ಹೋದೆ.

ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ, ಬಸ್ಸುಗಳು ನಿಂತಿರುವ ಹೊತ್ತು ನೋಡಿ, ಎಂದಿನಂತೆ ಗುರುಪಾದ ಎಲ್ಲವನ್ನೂ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದ. ಹೊಸ ಸೆಟ್ಟಿಂಗ್ ಜಾರಿಗೆ ಬರುವುದು ಆಗಲೇ. ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ. ಅದಕ್ಕೆ ‘ಒಳಗ’ ಬೇರೆ, ‘ಒಳಗೆ’ ಬೇರೆ. ಹೇಳಿದ ಹೆಸರಿನ ನೆಟ್‌ವರ್ಕ್ ಇಲ್ಲದಿದ್ದರೆ ಹೊಸದೊಂದನ್ನು ಮಾಡಿಕೋ ಎಂದು ಗುರುಪಾದ ತನ್ನ ಕೋಡಿನಲ್ಲಿ ಬರೆದಿದ್ದ. ಹೊಸ ಯಂತ್ರ ಬಂದಾಗ ಅನುಕೂಲವಾಗಲೆಂದು ಮಾಡಿದ ಏರ್ಪಾಟು. ಕೋಡು ಹೇಳಿದಷ್ಟನ್ನು ಮಾಡಿತು. ‘ಒಳಗೆ’ ಎಂಬ ಹೊಸ ನೆಟ್‌ವರ್ಕ್ ಕಟ್ಟಿ, ಸುದ್ದಿ ಹಿಡಿಯುವ ಕಂಟೇನರನ್ನು ಅದಕ್ಕೆ ಸೇರಿಸಿತು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಕಂಟೇನರ್ ನಡೆಯುತ್ತಿತ್ತು, ಸ್ಕ್ರೀನಿನ ಮೇಲೆ ಹಸಿರು ದೀಪ ಉರಿಯುತ್ತಿತ್ತು. ‘ಹೊರಗ’ದ ಬಾಗಿಲು ತೆರೆದೇ ಇದ್ದುದರಿಂದ ಬಸ್ಸುಗಳು ಕಳಿಸಿದ ಸುದ್ದಿಯನ್ನೆಲ್ಲ ಅದು ಹಿಡಿಯಿತು. ಯಾರಿಗೂ ತಲುಪಿಸಲಿಲ್ಲ.

ಹನ್ನೆರಡೂವರೆಗೆ ಶಾಲೆಗಳು ಬಿಟ್ಟವು. ಅಂದು ಮಳೆ ಜೋರು. ಮೊಬೈಲಿನ ನಕ್ಷೆಯಲ್ಲಿ ಬಸ್ಸುಗಳೆಲ್ಲ ಬೆಳಿಗ್ಗೆ ನಿಂತಲ್ಲೇ ನಿಂತಿದ್ದವು. ರಸ್ತೆಗಳಲ್ಲಿ ನೀರು ತುಂಬಿ ಬಸ್ಸು ಹೊರಟೇ ಇಲ್ಲ ಎಂದು ತಾಯಂದಿರು ತಿಳಿದರು. ಪಾರ್ಲೆಯ ಒಬ್ಬಾಕೆ ಮೊಣಕಾಲುದ್ದ ನೀರಿನಲ್ಲಿ ಶಾಲೆಗೆ ನಡೆದು ಹೋದಳು. ಅಷ್ಟರಲ್ಲಿ ಅವಳ ಆರು ವರ್ಷದ ಮಗಳು ಬಸ್ಸಿನಲ್ಲಿ ಮನೆಗೆ ಬಂದು, ಬೀಗ ಹಾಕಿದ ಬಾಗಿಲು ನೋಡಿ, ಕೆಳಗೆ ವಾಚ್‌ಮನ್ ಪಕ್ಕದಲ್ಲಿ ಮುಕ್ಕಾಲು ಗಂಟೆ ಅಳುತ್ತ ಕೂತಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ತಾಯಿ ಒದ್ದೆ ಸೀರೆಯಲ್ಲೇ ನಿಂತು ಒಂದು ವೀಡಿಯೊ ಮಾಡಿ ಹಾಕಿದಳು. ಸಂಜೆಯೊಳಗೆ ಅದು ಎಲ್ಲ ಶಾಲೆಗಳ ವಾಟ್ಸಾಪ್ ಗುಂಪುಗಳಿಗೂ ಹೋಯಿತು.

ತಪ್ಪು ಎಲ್ಲಿದೆ ಎಂದು ಹುಡುಕಿ ಹಿಡಿದವನೂ ಗುರುಪಾದನೇ. ಎರಡೂವರೆಗೆ ಹಿಡಿದ, ನಾಲ್ಕು ನಿಮಿಷದಲ್ಲಿ ಕಂಟೇನರನ್ನು ಸರಿಯಾದ ನೆಟ್‌ವರ್ಕಿಗೆ ಸೇರಿಸಿದ. ‘ನೆಟ್‌ವರ್ಕಿನ ಹೆಸರು ತಪ್ಪಾಗಿತ್ತು. ಸರಿ ಮಾಡಲಾಗಿದೆ’ ಎಂದು ಒಂದು ಸಾಲಿನ ವರದಿ ಕಳಿಸಿದ. ಯಾರು ಬರೆದರು ಎಂದು ಅದರಲ್ಲಿ ಇರಲಿಲ್ಲ.

ಬುಧವಾರ ಮೀಟಿಂಗ್. ಹನ್ನೆರಡು ಜನ ಕೂತಿದ್ದೆವು. ಸಂದೀಪ ದೊಡ್ಡ ಪರದೆಯ ಮೇಲೆ ಎರಡು ಹೆಸರುಗಳನ್ನು ಒಂದರ ಕೆಳಗೊಂದು ತೋರಿಸಿದ. ಒಳಗ. ಒಳಗೆ. ನನಗೆ ವಿಷಯ ತಿಳಿದದ್ದು ಆ ಕ್ಷಣದಲ್ಲಿ. ಕೊನೆಯ ಆ ಅಕ್ಷರ ನನ್ನ ಕೈಬರಹವೇ ಎನ್ನುವಷ್ಟು ಸ್ಪಷ್ಟವಾಗಿ ಕಂಡಿತು.

“ಗುರುಪಾದ, ಯೇ ಸಬ್ ತುಮ್ಹಾರಾ ಹೀ ಹೈ ನಾ?” ಎಂದ ಸಂದೀಪ. ಇದೆಲ್ಲ ನಿನ್ನದೇ ತಾನೇ?

ಗುರುಪಾದ ಪರದೆಯನ್ನು ನೋಡುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು, “ಹಾಂ ಸರ್,” ಎಂದ.

“ಅಪ್ನೀ ಹೀ ಭಾಷಾ ಕೀ ಸ್ಪೆಲ್ಲಿಂಗ್ ನಹೀಂ ಆತೀ ಕ್ಯಾ?”

ನಿನ್ನದೇ ಭಾಷೆಯ ಸ್ಪೆಲ್ಲಿಂಗ್ ನಿನಗೆ ಬರುವುದಿಲ್ಲವಾ ಎಂದು. ಕೂತವರು ನಕ್ಕರು. ದೊಡ್ಡ ನಗೆಯೇನಲ್ಲ, ಮ್ಯಾನೇಜರ್ ಚೇಷ್ಟೆ ಮಾಡಿದಾಗ ನಗಬೇಕಾದಷ್ಟು. ಆಮೇಲೆ ಸಂದೀಪ ಚೇಷ್ಟೆ ಬಿಟ್ಟ. ಆರು ವರ್ಷದ ಮಗು, ಮಳೆ, ವೀಡಿಯೊ ಎಲ್ಲವನ್ನೂ ಹೇಳಿ ಹದಿನೈದು ನಿಮಿಷ ಬೈದ. ಕೇಬಲ್ ಎಳೆಯುವವನ ಕೈಗೆ ಕೋಡು ಕೊಟ್ಟರೆ ಹೀಗೇ ಆಗುತ್ತದೆ ಎಂದ. ಇಂಥವನನ್ನು ಪರ್ಮನೆಂಟ್ ಮಾಡಲು ಹೊರಟಿದ್ದೆವಲ್ಲ ಎಂದು ನನ್ನ ಕಡೆ ನೋಡಿದ.

ನಾನು ಹೇಳಲಿಲ್ಲ.

ಭಯದಿಂದ ಬಾಯಿ ಮುಚ್ಚಿಕೊಂಡೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಅದೂ ಅಲ್ಲ. ಭಯವೇನೂ ಆಗಲಿಲ್ಲ. ಈಗ ಬೇಡ, ಆಮೇಲೆ ಸಂದೀಪನಿಗೆ ಒಬ್ಬನೇ ಇದ್ದಾಗ ಹೇಳಿದರಾಯಿತು ಎಂದುಕೊಂಡೆ. ಮಧ್ಯಾಹ್ನ, ಊಟ ಆಗಲಿ ಎಂದುಕೊಂಡೆ. ಗುರುವಾರ ಸಂದೀಪ ರಜೆ. ಶುಕ್ರವಾರ ಗುರುಪಾದನ ಕಾಂಟ್ರ್ಯಾಕ್ಟ್ ಮುಗಿಸಿದರು. ಅವನು ಹಸಿರು ಪಟ್ಟಿಯನ್ನು ಸುತ್ತಿ ಟೇಬಲ್ಲಿನ ಮೇಲಿಟ್ಟು, “ಬರ್ತೀನ್ರಿ ಸರ್” ಎಂದು ನನಗೆ ಹೇಳಿ ಹೋದ. “ಆಯಿತು, ಫೋನು ಮಾಡು” ಎಂದೆ. ಹಾಗೆ ಹೇಳಿದ ಬಾಯಿಗೆ ಏನು ಹಾಕಬೇಕೋ ನೀವೇ ಹೇಳಿ.

ಆಮೇಲಿನ ದಿನಗಳಲ್ಲಿ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಊಟ ಸೇರುತ್ತಿತ್ತು. ನಾಚಿಕೆ ಆಗಬೇಕು, ಆಗುತ್ತದೆ ಎಂದು ಕಾಯುತ್ತಿದ್ದೆ. ಆಗಲಿಲ್ಲ. ಅವನು ಡಬ್ಬಿಯ ಮುಂದೆ ಕೂತು ಹೇಳಿದ್ದು ಏನೆಂದು ಆಗ ಸ್ವಲ್ಪ ತಿಳಿಯಿತು. ಅವನಿಗೆ ಅವ್ವ ಹೋಗಿ ಹಾಗಾಗಿತ್ತು. ನನಗೆ ಏನೂ ಹೋಗದೆಯೇ ಆಯಿತು.

ಮೂರನೆಯ ಭಾನುವಾರ ಸಯನ್‌ಗೆ ಹೋದೆ. ಪ್ರಾಯಶ್ಚಿತ್ತ ಎಂದೆಲ್ಲ ಅಲ್ಲ. ನನ್ನ ಚಿಕ್ಕಪ್ಪ ಚೆನ್ನಯ ಅಲ್ಲೊಂದು ಹೋಟೆಲ್ ನಡೆಸುತ್ತಾರೆ. ಅಲ್ಲಿ ತಿಂಡಿ ತಿಂದು, ಹತ್ತಿರದಲ್ಲೇ ಅವನ ಮನೆ ಇದೆಯಲ್ಲ ಎಂದು ಹೊರಟೆ. ರೈಲ್ವೆ ಹಳಿಯ ಪಕ್ಕದ ಚಾಳಿನಲ್ಲಿ ಎರಡನೆಯ ಮಾಳಿಗೆ. ಗುರುಪಾದ ಬನಿಯನ್ ಹಾಕಿಕೊಂಡು ಗ್ಯಾಲರಿಯಲ್ಲಿ ಕೂತಿದ್ದ. ಎದ್ದು ನಿಂತ.

“ಬರ್ರಿ ಸರ್, ಒಳಗ ಬರ್ರಿ.”

ಒಳಗೆ ಭುವನೇಶ್ವರಿ ಬಟ್ಟೆ ಮಡಿಸುತ್ತಿದ್ದಳು. ಚಾಪೆ ಹಾಸಿದಳು, ಚಾ ಇಟ್ಟಳು. ಕೆಲಸ ಸಿಕ್ಕಿತಾ ಎಂದು ಕೇಳಿದೆ. ಹಳೆಯ ಗುತ್ತಿಗೆದಾರನ ಹತ್ತಿರ ಹೋಗುತ್ತಿದ್ದೇನೆ, ಘಾಟ್ಕೋಪರ್‌ನಲ್ಲಿ ಒಂದು ಆಫೀಸಿಗೆ ಕೇಬಲ್ ಎಳೆಯುವ ಕೆಲಸ ನಡೆದಿದೆ ಎಂದ. ಮೂವತ್ತೇಳು ವರ್ಷದವನು ಮತ್ತೆ ನೆಲದ ಹಲಗೆ ಎತ್ತಿ ಒಳಗೆ ತೂರುತ್ತಿದ್ದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಏನೂ ಇರಲಿಲ್ಲ.

“ಗುರುಪಾದ, ಒಂದು ಮಾತು ಹೇಳ್ಬೇಕಿತ್ತು,” ಎಂದೆ. “ಆ ಫೈಲ್ ಬರೆದದ್ದು ನಾನು. ಸೋಮವಾರ ಸಂಜೆ.”

“ಗೊತ್ತೈತ್ರಿ ಸರ್,” ಎಂದ.

“ಗೊತ್ತುಂಟಾ? ಯಾವಾಗಿನಿಂದ?”

“ಅವತ್ತ ಎರಡೂವರಿಗೆ. ಆ ‘ಗೆ’ ನೋಡಿದ ಕೂಡ್ಲೇ ಗೊತ್ತಾತ್ರಿ. ಆ ಆಫೀಸಿನ್ಯಾಗ ‘ಗೆ’ ಅಂತ ಬರಿಯಾವ್ರು ನೀವು ಬಿಟ್ರ ಇನ್ಯಾರ ಅದಾರ?”

ಎಪ್ಪತ್ತು ಜನರಲ್ಲಿ ಒಬ್ಬನಿಗೆ ಮಾತ್ರ ಓದಲು ಬರುವ ಸಹಿ ಹಾಕಿ ಬಂದಿದ್ದೆ ನಾನು. ಆ ಒಬ್ಬನು ಅದನ್ನು ಓದಿ, ಅಳಿಸಿ, ಒಂದು ಸಾಲಿನ ವರದಿ ಬರೆದು, ಮೀಟಿಂಗಿನಲ್ಲಿ ಹಾಂ ಸರ್ ಎಂದಿದ್ದ.

“ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ ನೀನು?”

“ಹೇಳಬೇಕು ಅಂತ ಅನಸಲಿಲ್ರಿ.” ಸ್ವಲ್ಪ ಯೋಚಿಸಿ ಮತ್ತೆ ಹೇಳಿದ: “ನೀವು ಹೇಳ್ತೀರಿ ಅಂತ ಕುಂತಿದ್ದೆ. ನೀವೂ ಹೇಳಲಿಲ್ಲ. ಆತು ಬಿಡು ಅನಿಸ್ತು.”

ಭುವನೇಶ್ವರಿ ಚಾದ ಬಟ್ಟಲನ್ನು ನನ್ನ ಮುಂದೆ ಇಟ್ಟಳು. ಅವಳಿಗೆ ಇದು ಯಾವುದೂ ಗೊತ್ತಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು.

“ಸರ್, ನೀವು ದೊಡ್ಡವ್ರು,” ಎಂದಳು. “ನಾ ಬಯ್ಯಬಾರದು. ಚಾ ಕುಡೀರಿ. ಕುಡದು ನಾಳೆ ಆಫೀಸಿಗೆ ಹೋಗಿ ಇದನ್ನ ಹೇಳ್ರಿ. ಇವ್ರು ಹೇಳೂದಿಲ್ಲ. ಇವ್ರಿಗೆ ಏನೂ ಆಗೇ ಇಲ್ಲ ಅನ್ನಾಂಗ ಇರ್ತಾರ. ಆಗೈತಿ. ನಮಗ ಆಗೈತಿ.”

ಚಾ ಕುಡಿದೆ. ಹೇಳುತ್ತೇನೆ ಎಂದೆ. ಈ ಸಲ ಹೇಳಿಯೂ ಹೇಳಿದೆ.

ಸೋಮವಾರ ಬೆಳಿಗ್ಗೆ ಸಂದೀಪನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನಿಂತೇ ಎಲ್ಲವನ್ನೂ ಹೇಳಿದೆ. ಫೈಲ್ ಬರೆದವನು ನಾನು, ಹೆಸರು ತಪ್ಪು ಬರೆದವನು ನಾನು, ಮೀಟಿಂಗಿನಲ್ಲಿ ಗೊತ್ತಿದ್ದೂ ಬಾಯಿ ಬಿಡದವನೂ ನಾನು. ಕೆಲಸ ಹೋಗಬಹುದು ಎಂದು ಸಿದ್ಧನಾಗಿಯೇ ಹೋಗಿದ್ದೆ. ಒಂದು ರೀತಿಯಲ್ಲಿ ಹೋಗಲಿ ಎಂದೂ ಇತ್ತು. ಕೆಲಸ ಹೋದರೆ ಏನಾದರೂ ಅನ್ನಿಸೀತು.

ಸಂದೀಪ ಕೇಳಿಸಿಕೊಂಡ. ಕುರ್ಚಿ ತೋರಿಸಿ ಕೂತುಕೊಳ್ಳಿ ಎಂದ. ನಾನು ಮುಗಿಸಿದ ಮೇಲೆ, “ರಮಾನಾಥ್ ಜೀ, ಆಪ್ ಜೈಸೇ ಸೀನಿಯರ್ ಆದ್ಮೀ ಖುದ್ ಆಕೇ ಬತಾ ರಹೇ ಹೈಂ, ಯೇ ಬಡೀ ಬಾತ್ ಹೈ,” ಎಂದ. ನಿಮ್ಮಂಥ ಹಿರಿಯರು ತಾವಾಗಿ ಬಂದು ಹೇಳುತ್ತಿದ್ದೀರಲ್ಲ, ದೊಡ್ಡ ವಿಷಯ ಎಂದು. ತಪ್ಪು ಯಾರಿಂದ ಬೇಕಾದರೂ ಆಗುತ್ತದೆ, ಒಂದು ಅಕ್ಷರ ತಾನೇ ಎಂದ. ದೋಷ ಒಬ್ಬರದಲ್ಲ, ನಮ್ಮ ಪದ್ಧತಿಯದು ಎಂದ. ಕಾಫಿ ತರಿಸಿದ.

“ಗುರುಪಾದನನ್ನು ವಾಪಸ್ ಕರೆಸಬಹುದಲ್ಲ?” ಎಂದು ಹಿಂದಿಯಲ್ಲಿ ಕೇಳಿದೆ.

ಆ ಜಾಗವನ್ನು ತೆಗೆದು ಹಾಕಿ ಆಗಿದೆ, ಮತ್ತೆ ಮಂಜೂರಾಗುವುದು ಕಷ್ಟ, ಅಲ್ಲದೆ ಅವನು ಗುತ್ತಿಗೆದಾರನ ಕಡೆಯವನು, ನಾವು ಮಾತಾಡುವ ಹಾಗಿಲ್ಲ ಎಂದ ಸಂದೀಪ. ಸಿಟ್ಟಿನಿಂದಲ್ಲ, ಬೇಸರದಿಂದಲೇ ಹೇಳಿದ. ಕೆಟ್ಟ ಮನುಷ್ಯನಲ್ಲ ಅವನು. ಮಧ್ಯಾಹ್ನ ಇಡೀ ಮಹಡಿಗೆ ಒಂದು ಮೇಲ್ ಕಳಿಸಿದ. ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ ಹೇಗಿರಬೇಕು ಎಂಬುದಕ್ಕೆ ರಮಾನಾಥ್ ಮಾದರಿ, ಎಲ್ಲರೂ ಕಲಿಯಬೇಕು ಎಂದು ಅದರಲ್ಲಿತ್ತು. ಹದಿನೆಂಟು ಜನ ಅದಕ್ಕೆ ಹೆಬ್ಬೆರಳು ಎತ್ತಿದರು. ಮೂವರು ನನ್ನ ಟೇಬಲ್ಲಿನ ಹತ್ತಿರ ಬಂದು ಬೆನ್ನು ತಟ್ಟಿ ಹೋದರು. ಇನ್ನು ಮುಂದೆ ಕೋಡಿನಲ್ಲಿ ಇಂಗ್ಲಿಷ್ ಹೆಸರುಗಳನ್ನೇ ಇಡತಕ್ಕದ್ದು ಎಂದು ಮೇಲ್‌ನ ಕೊನೆಯಲ್ಲಿತ್ತು.

ಸಂಜೆ ಮತ್ತೆ ಸಯನ್‌ಗೆ ಹೋದೆ. ಗುರುಪಾದ ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆದಿದ್ದ. ಬೆರಳುಗಳ ತುದಿಯಲ್ಲಿ ತಂತಿ ಚುಚ್ಚಿದ ಹೊಸ ಗಾಯಗಳಿದ್ದವು. ಭುವನೇಶ್ವರಿ ಒಲೆಯ ಮುಂದೆ ಇದ್ದಳು. ನಾನು ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಸಂದೀಪನಿಗೆ ಎಲ್ಲ ತಿಳಿಸಿದೆ, ತಪ್ಪು ನಿನ್ನದಲ್ಲವೆಂದು ಹೇಳಿದೆ, ಆದರೆ ವಾಪಸ್ ತೆಗೆದುಕೊಳ್ಳುವುದು ಆಗುವುದಿಲ್ಲವಂತೆ. ಮೇಲ್ ಬಂದದ್ದನ್ನೂ ಹೇಳಿದೆ. ಅದನ್ನು ಮುಚ್ಚಿಟ್ಟರೆ ಇನ್ನೊಂದು ಸುಳ್ಳಾಗುತ್ತಿತ್ತು.

ಗುರುಪಾದ ಟವಲಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದ.

“ನಿಮಗ ಏನಂದ್ರು ಸರ್ ಅವ್ರು?”

“ಏನಿಲ್ಲ. ಕೂತ್ಕೊಳ್ಳಿ ಅಂದ್ರು. ಕಾಫಿ ತರಿಸಿದ್ರು.”

“ಬೈದ್ರೇನ್ರಿ?”

“ಇಲ್ಲ.”

“ಒಂದ ಮಾತೂ ಬೈಯಲಿಲ್ಲ?”

“ಇಲ್ಲ ಮಾರಾಯ.”

ಟವಲು ಅವನ ಕೈಯಲ್ಲೇ ನಿಂತಿತು. ಒಲೆಯ ಮುಂದಿನ ಭುವನೇಶ್ವರಿ ತಿರುಗಿ ಅವನನ್ನು ನೋಡಿದಳು.

“ಅದ ತಪ್ಪಿಗೆ?” ಎಂದ ಗುರುಪಾದ. “ಅದ ಅಕ್ಷರಕ್ಕ?”

“ಹೌದು.”

“ಮತ್ತ ನನಗ ಯಾಕ ಬೈದ್ರು?”

ದನಿ ಒಮ್ಮೆಗೇ ಏರಿತ್ತು. ಪಕ್ಕದ ಖೋಲಿಯವರು ಬಾಗಿಲಿಗೆ ಬಂದು ನಿಂತರು. ಅವನು ಅವರನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ.

“ಹೇಳ್ರಿ ಸರ್. ಹನ್ನೆರಡು ಮಂದಿ ಮುಂದ ನನಗ ಯಾಕ ಬೈದ್ರು?”

ನನಗೆ ಉತ್ತರ ಗೊತ್ತಿತ್ತು. ಆ ಕೋಣೆಯಲ್ಲಿ ಮೂವರಿಗೂ ಗೊತ್ತಿತ್ತು. ಆಫೀಸಿನಿಂದ ಬಂದಾಗಿನಿಂದ ಕೊರಳಲ್ಲೇ ಇದ್ದ ನೀಲಿ ಪಟ್ಟಿಯನ್ನು ನಾನು ತೆಗೆದು ಜೇಬಿಗೆ ಹಾಕಿಕೊಂಡೆ, ಅವನು ಇನ್ನೊಂದು ಸಲ ಕೇಳಿದ.